ಧಾರೆ ಮುಗಿಯುವ ಮೊದಲೇ ಆಫ್ ಆಗುತ್ತಿದ್ದ ಕಂಪ್ಯೂಟರ್

ಭಾವ ಫೋನ್ ಮಾಡಿದ್ದು ರಾತ್ರಿ ಹನ್ನೊಂದಕ್ಕೆ. ಮದುವೆ ಸೀಸನ್ನಿನಲ್ಲಿ ಆ ಹೊತ್ತಿಗೆ ಅವರ ಫೋನ್ ಬಂತು ಅಂದರೆ ಎರಡೇ ಕಾರಣ. ನಾಳೆ ಕ್ಯಾಮೆರಾ ಹಿಡಿಯಲು ಒಬ್ಬ ಕಡಿಮೆ ಬಿದ್ದಿದ್ದಾನೆ, ಇಲ್ಲವೇ ಕಂಪ್ಯೂಟರ್ ಕೈಕೊಟ್ಟಿದೆ.

"ಮಾರಾಯ, ಮತ್ತೆ ಆಫ್ ಆಯ್ತು. ಇವತ್ತಿಗೆ ನಾಲ್ಕನೇ ಸಲ. ದೇವರ ಪೂಜೆ, ಕಾಶಿಯಾತ್ರೆ ಎಲ್ಲಾ ಸರಿ ರೆಂಡರ್ ಆಗುತ್ತೆ. ಧಾರೆ ಹತ್ತಿರ ಬರ್ತಿದ್ದ ಹಾಗೆ ಪಟ್ ಅಂತ ಹೋಗುತ್ತೆ. ಆಮೇಲೆ ತಾನೇ ಆನ್ ಆಗಿ ಏನೂ ಆಗದವರ ಹಾಗೆ ಕೂತಿರುತ್ತೆ."

ಭಾವನದು ಸಾಗರದಲ್ಲಿ ಫೋಟೋ ಸ್ಟುಡಿಯೋ. ಜೋಡಿಸಿದ ಮದುವೆ ತುಣುಕುಗಳಿಂದ ಕಂಪ್ಯೂಟರ್ ಪೂರ್ತಿ ವಿಡಿಯೋ ತಯಾರಿಸುವುದೇ ಈ ರೆಂಡರ್. ನಾನಿರುವುದು ಶಿವಮೊಗ್ಗದಲ್ಲಿ. ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡಲ್ಲ, ಆದರೆ ನೆಂಟರಿಷ್ಟರ ಯಂತ್ರಗಳೆಲ್ಲ ಕೊನೆಗೆ ನನ್ನ ಹತ್ತಿರವೇ ಬರುತ್ತವೆ. ಇದು 2025ರ ಏಪ್ರಿಲ್ ಕೊನೆಯ ಮಾತು. ಅಕ್ಷಯ ತದಿಗೆ ಆಸುಪಾಸು, ಭಾವನ ಕೈಯಲ್ಲಿ ಒಪ್ಪಿಕೊಂಡ ಮದುವೆಗಳು ಏಳು, ಕೊಡಬೇಕಾದ ವಿಡಿಯೋಗಳು ಮೂರು.

ಯಂತ್ರದ ಜಾತಕ ನನಗೆ ಗೊತ್ತಿತ್ತು. 2019ರ ಕೊನೆಯಲ್ಲಿ ಜೋಡಿಸಿದ್ದು. ರೈಜೆನ್ 5 3600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ಐದೂವರೆ ವರ್ಷ ಒಂದು ದಿನವೂ ತಕರಾರು ಮಾಡಿದ್ದಲ್ಲ. ಮಾರ್ಚ್‌ನಲ್ಲಿ ಭಾವ ಬೆಂಗಳೂರಿಗೆ ಹೋದವರು ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3070 ಕಾರ್ಡ್ ತಂದರು. ಜೊತೆಗೆ ಇನ್ನೊಂದು 16 ಜಿಬಿ ರ‍್ಯಾಮ್. ಎರಡನ್ನೂ ಒಂದೇ ದಿನ ಹಾಕಿಸಿದರು. ಮೂರನೇ ದಿನದಿಂದ ಈ ಕಾಟ ಶುರು.

ಎರಡನ್ನೂ ಒಂದೇ ದಿನ ಹಾಕಿದ್ದೇ ಮೊದಲ ತಪ್ಪು. ಒಂದು ಹಾಕಿ, ನಾಲ್ಕು ದಿನ ಓಡಿಸಿ, ಆಮೇಲೆ ಇನ್ನೊಂದು ಹಾಕಿದ್ದರೆ ಅರ್ಧ ಪತ್ತೇದಾರಿ ಉಳಿಯುತ್ತಿತ್ತು. ಆದರೆ ಕ್ಯಾಬಿನೆಟ್ ಬಿಚ್ಚಿದ ಮೇಲೆ ಅಷ್ಟು ತಾಳ್ಮೆ ಯಾರಿಗಿರುತ್ತದೆ? ನನಗೂ ಇರುವುದಿಲ್ಲ.

ನಾನು ಹೋಗುವ ಮೊದಲು ಆಗಿದ್ದು

ಊರಿನ ಒಬ್ಬ ಟೆಕ್ನಿಷಿಯನ್ ಎರಡು ಸಲ ಬಂದು ಹೋಗಿದ್ದ. ಒಳ್ಳೆಯ ಹುಡುಗ, ಮೈಗಳ್ಳನಲ್ಲ. ಮೊದಲ ಸಲ ವಿಂಡೋಸ್ ಫಾರ್ಮ್ಯಾಟ್ ಮಾಡಿದ, ಡ್ರೈವರ್ ಹೊಸದಾಗಿ ಹಾಕಿದ. ಎರಡನೇ ಸಲ ಪ್ರೊಸೆಸರಿನ ಥರ್ಮಲ್ ಪೇಸ್ಟ್ ಬದಲಿಸಿದ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿ ಕೊಡುವ ಡಬ್ಬಿ, ಎಸ್‌ಎಂಪಿಎಸ್, ಅದರ ಮೇಲೆ ಅವನಿಗೂ ಅನುಮಾನ ಬಂದಿತ್ತು. ಹಾಗಾಗಿ ಅದನ್ನು ಹೊರಗೆ ತೆಗೆದು, ದೊಡ್ಡ ಕನೆಕ್ಟರಿನ ಹಸಿರು ತಂತಿಗೂ ಕಪ್ಪು ತಂತಿಗೂ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿ ಆನ್ ಮಾಡಿದ. ಫ್ಯಾನ್ ತಿರುಗಿತು. "ಎಸ್‌ಎಂಪಿಎಸ್ ಓಕೆ ಸರ್, ಕಾರ್ಡೇ ಡೌಟು, ಕ್ರಿಪ್ಟೋ ಮೈನಿಂಗ್‌ಗೆ ಹಾಕಿದ್ದ ಕಾರ್ಡ್ ಇರ್ಬೇಕು" ಅಂದ.

ಈ ಪೇಪರ್ ಕ್ಲಿಪ್ ಪರೀಕ್ಷೆ ಎಲ್ಲರೂ ಮಾಡುತ್ತಾರೆ. ಅದರಿಂದ ಗೊತ್ತಾಗುವುದು ಇಷ್ಟೇ: ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ. ಬೋರ್ಡ್ "ಎದ್ದೇಳು" ಅಂತ ಹೇಳುವ ತಂತಿ ಆ ಹಸಿರು ತಂತಿ. ಅದನ್ನು ಗ್ರೌಂಡ್‌ಗೆ, ಅಂದರೆ ಕಪ್ಪು ತಂತಿಗೆ, ಮುಟ್ಟಿಸಿದರೆ ಎದ್ದೇಳುತ್ತದೆ, ಫ್ಯಾನ್ ತಿರುಗಿಸುತ್ತದೆ. ಹಾಸಿಗೆಯಿಂದ ಎದ್ದು ಕೂತ ಅಂದ ಮಾತ್ರಕ್ಕೆ ಅಡಿಕೆ ಮೂಟೆ ಹೊರುತ್ತಾನೆ ಅಂತ ಅಲ್ವಲ್ಲ.

ಫೋನಿನಲ್ಲೇ ನಾನು ಕೇಳಿದ್ದು ಒಂದೇ ಪ್ರಶ್ನೆ: "ನೀಲಿ ಪರದೆ ಬರುತ್ತಾ ಭಾವ?"

"ಇಲ್ಲ. ಕರೆಂಟ್ ಹೋದ ಹಾಗೆ ಕಪ್ಪಾಗುತ್ತೆ."

ಕಂಪ್ಯೂಟರ್ ಹೇಗೆ ಸಾಯುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ನೀಲಿ ಪರದೆ ಬಂತು ಅಂದರೆ ವಿಂಡೋಸ್‌ಗೆ ತಪ್ಪು ಕಂಡಿದೆ, ಬರೆದಿಡಲು ಸಮಯವೂ ಸಿಕ್ಕಿದೆ. ಆಗ ಡ್ರೈವರ್, ರ‍್ಯಾಮ್, ಡಿಸ್ಕ್ ಕಡೆ ನೋಡಬೇಕು. ಚಿತ್ರ ನಿಂತು, ಸದ್ದು ಮಾತ್ರ ಗರ್ರ್ ಅಂತ ಓಡುತ್ತಿದ್ದರೆ ಕಾರ್ಡ್, ಅದರ ಡ್ರೈವರ್ ಅಥವಾ ಸರಿ ಕೂರದ ರ‍್ಯಾಮ್ ಮೇಲೆ ಸಂಶಯ. ಏನೂ ಹೇಳದೆ ಪಟ್ ಅಂತ ಕಪ್ಪಾಗಿ ತಾನೇ ಮತ್ತೆ ಆನ್ ಆದರೆ, ನನ್ನ ಕಣ್ಣು ಮೊದಲು ಹೋಗುವುದು ಕ್ಯಾಬಿನೆಟ್ಟಿನ ಮೂಲೆಯಲ್ಲಿರುವ ಡಬ್ಬಿಯ ಕಡೆಗೆ. ಆಫ್ ಆಗಿ ಹಾಗೇ ಉಳಿದು, ಗೋಡೆಯ ಸ್ವಿಚ್ ಆರಿಸಿ ಹಾಕುವವರೆಗೂ ಏಳದೇ ಇದ್ದರೆ, ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ತಾನೇ ಬಾಗಿಲು ಹಾಕಿಕೊಂಡಿದೆ ಅಂತ ಸಾಮಾನ್ಯವಾಗಿ ಅರ್ಥ.

ಶನಿವಾರ ಬೆಳಗಿನ ಬಸ್ಸಿಗೆ ಹೊರಟೆ. ಬ್ಯಾಗಿನಲ್ಲಿ ಮಲ್ಟಿಮೀಟರ್, ಸ್ಕ್ರೂಡ್ರೈವರ್, ಪೆನ್‌ಡ್ರೈವ್. ಜೊತೆಗೆ ನನ್ನ ಸ್ವಂತ ಕಂಪ್ಯೂಟರಿನಿಂದ ಬಿಚ್ಚಿದ 650 ವಾಟ್‌ನ ಎಸ್‌ಎಂಪಿಎಸ್, ಟವೆಲಿನಲ್ಲಿ ಸುತ್ತಿ.

ಕಪ್ಪು ಪರದೆ ಬಿಟ್ಟು ಹೋದ ಗುರುತು

ಮೊದಲು ಈವೆಂಟ್ ವ್ಯೂವರ್ ತೆಗೆದೆ, ವಿಂಡೋಸ್ ತನ್ನ ಆಗುಹೋಗು ಬರೆದಿಡುವ ಪುಸ್ತಕ ಅದು. ಕರ್ನಲ್-ಪವರ್ 41, ಸಾಲಾಗಿ ಹದಿನೇಳು. ಇದನ್ನು ನೋಡಿ ಹೆದರುವವರು, ಅದನ್ನೇ ಕಾಯಿಲೆಯ ಹೆಸರು ಅಂದುಕೊಳ್ಳುವವರು ಬಹಳ. ಅದು ಕಾಯಿಲೆ ಅಲ್ಲ. ಕಂಪ್ಯೂಟರ್ ಮತ್ತೆ ಎದ್ದ ಮೇಲೆ, "ಹಿಂದಿನ ಸಲ ನಾನು ಸರಿಯಾಗಿ ಮಲಗಿರಲಿಲ್ಲ" ಅಂತ ಬರೆದುಕೊಂಡ ಸಾಲು ಅಷ್ಟೇ. ಅದರ ವಿವರದಲ್ಲಿ ಬಗ್‌ಚೆಕ್‌ಕೋಡ್ ಅಂತ ಒಂದು ಅಂಕಿ ಇರುತ್ತದೆ. ನೀಲಿ ಪರದೆ ಬಂದು ಸತ್ತಿದ್ದರೆ ಅಲ್ಲಿ ಸಾಮಾನ್ಯವಾಗಿ ಅದರ ಸಂಖ್ಯೆ ಸಿಗುತ್ತದೆ. ಇಲ್ಲಿ ಹದಿನೇಳಕ್ಕೂ 0. ಅಂದರೆ ವಿಂಡೋಸ್‌ಗೆ ಏನಾಯ್ತು ಅಂತಲೇ ಗೊತ್ತಾಗಿಲ್ಲ. ಡಿಸ್‌ಪ್ಲೇ ಡ್ರೈವರ್ ನಿಂತು ಚೇತರಿಸಿಕೊಂಡಿತು ಅನ್ನುವ ಸಾಲು ಒಂದೂ ಇರಲಿಲ್ಲ. ಪ್ರೊಸೆಸರ್ ದೋಷ ಹೇಳುವ ವಿಯಾ ಲಾಗರ್ ಸಾಲೂ ಇರಲಿಲ್ಲ.

ಅನುಮಾನ ಬಲವಾಯಿತು. ಆದರೆ ಅನುಮಾನದ ಮೇಲೆ ಭಾವನ ಆರು ಸಾವಿರ ಖರ್ಚು ಮಾಡಿಸುವ ಹಾಗಿಲ್ಲ. ಈಗಾಗಲೇ ಒಂದು ಸಲ ಫಾರ್ಮ್ಯಾಟ್ ಆಗಿ ಅವರ ಫಾಂಟುಗಳೆಲ್ಲ ಹೋಗಿವೆ. ಅಕ್ಕ ಕಾಫಿ ತಂದಿಟ್ಟು, "ಇವನಾದರೂ ಸರಿ ಮಾಡ್ತಾನಾ ನೋಡೋಣ" ಅನ್ನುವ ಮುಖ ಮಾಡಿ ಹೋದಳು.

ಹೊಸ ರ‍್ಯಾಮ್ ಎರಡನ್ನೂ ಕಿತ್ತು ರೆಂಡರ್ ಹಾಕಿದೆವು. ಧಾರೆ ಹತ್ತಿರ ಬರುತ್ತಿದ್ದ ಹಾಗೆ ಮತ್ತೆ ಆಫ್ ಆಯಿತು. ರ‍್ಯಾಮ್ ಅಲ್ಲ ಅಂತ ಆಗಲೇ ಮುಕ್ಕಾಲು ಪಾಲು ಖಾತ್ರಿಯಾಯಿತು. ಆದರೂ ಆ ರಾತ್ರಿ ನಾಲ್ಕೂ ಹಾಕಿ ಮೆಮ್‌ಟೆಸ್ಟ್86 ಓಡಿಸಿದೆ. ಬೆಳಗಿನವರೆಗೆ ಒಂದೂ ತಪ್ಪಿಲ್ಲ. ಬಿಸಿ ನೋಡಿದೆ: ರೆಂಡರ್ ಹೊತ್ತಿನಲ್ಲಿ ಕಾರ್ಡ್ 71 ಡಿಗ್ರಿ, ಪ್ರೊಸೆಸರ್ 82. ಆ ಪ್ರೊಸೆಸರಿನ ಮಿತಿ 95, ಹಾಗಾಗಿ ಅದೂ ಅಲ್ಲ. ಯುಪಿಎಸ್ ಬಿಟ್ಟು ನೇರ ಗೋಡೆಗೆ ಸಿಕ್ಕಿಸಿದೆ. ಆಗಲೂ ಹೋಯಿತು.

ಗೋಡೆಗೆ ಸಿಕ್ಕಿಸುವಾಗ ಕೈ ಕ್ಯಾಬಿನೆಟ್ಟಿಗೆ ತಾಗಿ ಜುಮ್ ಅಂದಿತು. "ಅದು ಮೊದಲಿಂದಲೂ ಹಾಗೇ" ಅಂದರು ಭಾವ, ಏನೋ ಸಹಜ ಗುಣ ಇದ್ದ ಹಾಗೆ. ಎಕ್ಸ್‌ಟೆನ್ಷನ್ ಬಾಕ್ಸ್ ಬಿಚ್ಚಿದರೆ ಅರ್ತ್ ತಂತಿ ಸ್ಕ್ರೂವಿನಿಂದ ಕಳಚಿ ಸುಮ್ನೆ ಒಳಗೆ ಮಲಗಿತ್ತು. ಎಸ್‌ಎಂಪಿಎಸ್ ಒಳಗೆ ಕರೆಂಟಿನಲ್ಲಿರುವ ಗದ್ದಲ ಸೋಸಲು ಲೈನ್, ನ್ಯೂಟ್ರಲ್ ಎರಡರಿಂದಲೂ ಕವಚಕ್ಕೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅರ್ತ್ ಇಲ್ಲದಿದ್ದರೆ ಕವಚ ಸುಮಾರು ಅರ್ಧ ವೋಲ್ಟೇಜಿನಲ್ಲಿ, ಅಂದರೆ 115ರ ಆಸುಪಾಸಿನಲ್ಲಿ, ತೇಲುತ್ತದೆ. ಹರಿಯುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ಜುಮ್ ಅಷ್ಟೇ. ಆದರೂ ಅದು ಸಹಜ ಗುಣ ಅಲ್ಲ. ತಂತಿ ಕಟ್ಟಿದೆ, ಜುಮ್ ನಿಂತಿತು. ಆಫ್ ಆಗುವುದು ನಿಲ್ಲಲಿಲ್ಲ. ಬೇರೆ ಕಾಯಿಲೆ ಅದು.

ಧಾರೆಯಲ್ಲೇ ಯಾಕೆ?

ಈ ಪ್ರಶ್ನೆ ನನ್ನನ್ನು ಬಸ್ಸಿನಿಂದಲೇ ಕಾಡುತ್ತಿತ್ತು. ಟೈಮ್‌ಲೈನ್ ಮುಂದೆ ಕೂತು ಭಾವನನ್ನು ಕೇಳಿದೆ, "ಈ ಕ್ಲಿಪ್‌ಗಳಿಗೆ ಏನು ವಿಶೇಷ ಮಾಡಿದ್ದೀರಿ?"

"ಏನಿಲ್ಲ. ಮಂಟಪದ ಒಳಗೆ ಬೆಳಕು ಕಡಿಮೆ. ಸುತ್ತ ಜನ, ಮೇಲೆ ಚಪ್ಪರ. ಎಲ್ಲಾ ಕಾಳುಕಾಳು ಬಂದಿತ್ತು. ನಾಯ್ಸ್ ರಿಡಕ್ಷನ್ ಹಾಕಿದ್ದೇನೆ."

ಅಲ್ಲಿಗೆ ಅರ್ಥವಾಯಿತು. ಅವರ ಕ್ಯಾಮೆರಾ ಫೈಲುಗಳು 10 ಬಿಟ್‌ನ 4:2:2, ಅಂದರೆ ಬಣ್ಣದ ವಿವರ ಜಾಸ್ತಿ ಇರುವ ಬಗೆ. ಈ ಬಗೆಯ ಎಚ್.265 ಅನ್ನುವ ರೀತಿಯಲ್ಲಿ ಒತ್ತಿಟ್ಟ ಫೈಲನ್ನು ಬಿಡಿಸುವ ಕೆಲಸ ಆರ್‌ಟಿಎಕ್ಸ್ 30 ಸಾಲಿನ ಕಾರ್ಡುಗಳ ಡಿಕೋಡರ್‌ಗೆ ಬರುವುದಿಲ್ಲ. ಅದು ಪ್ರೊಸೆಸರಿನ ಪಾಲಿಗೆ ಬೀಳುತ್ತದೆ. ನಾಯ್ಸ್ ರಿಡಕ್ಷನ್ ಪೂರ್ತಿ ಕಾರ್ಡಿನ ಕೆಲಸ. ಪೂಜೆ, ಕಾಶಿಯಾತ್ರೆ ಎಲ್ಲ ಹೊರಗಿನ ಬೆಳಕಿನಲ್ಲಿ ಆಗಿತ್ತು. ಅಲ್ಲಿ ಪ್ರೊಸೆಸರ್ ದುಡಿಯುತ್ತಿತ್ತು, ಕಾರ್ಡ್ ಅರ್ಧ ನಿದ್ದೆಯಲ್ಲಿತ್ತು. ಧಾರೆ ಬಂದ ಕೂಡಲೇ ಎರಡೂ ಒಟ್ಟಿಗೆ ಮೈಮುರಿದು ಎಳೆಯುತ್ತಿದ್ದವು.

ಹಾಗಾದರೆ ಬೇರೆಬೇರೆ ಎಳೆಸಿ ನೋಡೋಣ ಅಂತ ಕೂತೆವು. ಫರ್‌ಮಾರ್ಕ್ ಹಾಕಿ ಕಾರ್ಡನ್ನು ಮಾತ್ರ 20 ನಿಮಿಷ ದುಡಿಸಿದೆ. ಹೋಗಲಿಲ್ಲ. ಅದನ್ನು ನಿಲ್ಲಿಸಿ ಸಿನೆಬೆಂಚ್ ಹಾಕಿ ಪ್ರೊಸೆಸರನ್ನು ಮಾತ್ರ ದುಡಿಸಿದೆ. ಹೋಗಲಿಲ್ಲ. "ನೋಡು, ಎಲ್ಲಾ ಸರಿ ಇದೆ" ಅಂದರು ಭಾವ, ನಿರಾಸೆಯಿಂದ. ಆಮೇಲೆ ಎರಡನ್ನೂ ಒಟ್ಟಿಗೆ ಹಾಕಿದೆ. ಬಾಯಲ್ಲಿ ಎಣಿಸುತ್ತಿದ್ದೆ. ಒಂಬತ್ತು ಅನ್ನುವಷ್ಟರಲ್ಲಿ ಪರದೆ ಕಪ್ಪು. ಒಳಗಿನಿಂದ ಟಿಕ್ ಅಂತ ಒಂದು ಸದ್ದು, ಫ್ಯಾನ್‌ಗಳು ಒಂದು ಕ್ಷಣ ನಿಂತು ಮತ್ತೆ ತಿರುಗಿದವು.

ಇನ್ನೊಂದು ಸಲ ಮಾಡಿದೆ, ಈ ಸಲ ಮಲ್ಟಿಮೀಟರ್ ಹಿಡಿದು. ಖಾಲಿ ಇದ್ದ ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರಿನಲ್ಲಿ ಕಪ್ಪು ಕಡ್ಡಿ ಕಪ್ಪು ತಂತಿಗೆ, ಕೆಂಪು ಕಡ್ಡಿ ಹಳದಿ ತಂತಿಗೆ. ಹಳದಿ ಅಂದರೆ 12 ವೋಲ್ಟ್. ಸುಮ್ನೆ ಕೂತಿದ್ದಾಗ 12.04. ಕಾರ್ಡ್ ಒಂದೇ ದುಡಿಯುವಾಗ 11.58. ಎರಡೂ ಶುರುವಾದ ಕೂಡಲೇ 11.4 ದಾಟಿ ಕೆಳಗಿಳಿಯಿತು. 11.27 ಅಂತ ಓದಿದ್ದು ನೆನಪಿದೆ, ಅಷ್ಟರಲ್ಲಿ ಹೋಯಿತು. ಎಸ್‌ಎಂಪಿಎಸ್ ಹೇಗಿರಬೇಕು ಅಂತ ಹೇಳುವ ಎಟಿಎಕ್ಸ್ ನಿಯಮ ಇದೆ. ಈ ಡಬ್ಬಿಯ ಕಾಲದ ಆ ನಿಯಮದ ಪ್ರಕಾರ ಈ ಲೈನ್ 11.4ರಿಂದ 12.6ರ ಒಳಗಿರಬೇಕು.

ಇನ್ನೂ ಮಜಾ ಇದ್ದದ್ದು ಕೆಂಪು ತಂತಿಯಲ್ಲಿ. ಅದು 5 ವೋಲ್ಟ್‌ನ ಲೈನ್. 12 ಕೆಳಗಿಳಿದಂತೆ ಇದು ಮೇಲೇರುತ್ತಿತ್ತು: 5.06 ಇದ್ದದ್ದು 5.22ಕ್ಕೆ. ಹಳೆಯ ಅಗ್ಗದ ವಿನ್ಯಾಸದ ಗುರುತು ಅದು. 12 ಮತ್ತು 5 ವೋಲ್ಟ್ ಎರಡನ್ನೂ ಒಂದೇ ಹಿಡಿಕೆಯಿಂದ ನಿಯಂತ್ರಿಸುತ್ತಾರೆ. ಒಂದು ಕುಸಿದರೆ ಅದನ್ನು ಎತ್ತಲು ಹೋಗಿ ಇನ್ನೊಂದನ್ನೂ ಎತ್ತಿಬಿಡುತ್ತದೆ. ತಕ್ಕಡಿಯ ಹಾಗೆ. ಒಳ್ಳೆಯ ಈಗಿನ ಎಸ್‌ಎಂಪಿಎಸ್‌ಗಳಲ್ಲಿ 12 ವೋಲ್ಟ್ ಮಾತ್ರ ತಯಾರಾಗಿ, ಅದರಿಂದ 5 ಮತ್ತು 3.3 ಬೇರೆಯಾಗಿ ಇಳಿಯುತ್ತವೆ. ಅಲ್ಲಿ ಈ ತಕ್ಕಡಿಯಾಟ ಇರುವುದಿಲ್ಲ.

12 ವೋಲ್ಟ್ ತೀರಾ ಕುಸಿದಾಗ "ಪವರ್ ಸರಿ ಇದೆ" ಅಂತ ಹೇಳುವ ಒಂದು ಸಿಗ್ನಲ್ ಬೀಳುತ್ತದೆ. ಬೂದು ಬಣ್ಣದ ತಂತಿ ಅದು. ಅದು ಬಿದ್ದ ಕೂಡಲೇ ಬೋರ್ಡ್ ಎಲ್ಲವನ್ನೂ ರೀಸೆಟ್ ಮಾಡುತ್ತದೆ. ವಿಂಡೋಸ್‌ಗೆ ಒಂದಕ್ಷರ ಬರೆಯಲೂ ಬಿಡುವಿಲ್ಲ. ಬಗ್‌ಚೆಕ್‌ಕೋಡ್ 0 ಬಂದದ್ದು ಹಾಗೆ.

ಆ ದಿನವೇ ಒಂದು ತಾತ್ಕಾಲಿಕ ಉಪಾಯ ಮಾಡಿದೆ. ಕಾರ್ಡಿನ ಸೆಟ್ಟಿಂಗ್ ಬದಲಿಸುವ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರಿನಲ್ಲಿ ಅದರ ಪವರ್ ಲಿಮಿಟ್ 60 ಪರ್ಸೆಂಟಿಗೆ ಇಳಿಸಿದೆ. 220 ವಾಟ್ ಎಳೆಯುವ ಕಾರ್ಡ್ 132ಕ್ಕೆ ನಿಂತಿತು. ಧಾರೆ ದಾಟಿತು, ಅಕ್ಷತೆ ಬಿತ್ತು, ಊಟದ ಪಂಕ್ತಿಯೂ ಮುಗಿಯಿತು. ಭಾವ ಎದ್ದು ನಿಂತು ನೋಡಿದರು. ಯಾರಿಗಾದರೂ ಇದೇ ತೊಂದರೆ ಇದ್ದರೆ ಎಲ್ಲಕ್ಕಿಂತ ಮೊದಲು ಇದನ್ನು ಮಾಡಿ ನೋಡಿ. ಕಾಸು ಖರ್ಚಿಲ್ಲ, ಕ್ಯಾಬಿನೆಟ್ ಬಿಚ್ಚಬೇಕಿಲ್ಲ. ಲಿಮಿಟ್ ಇಳಿಸಿದಾಗ ನಿಂತು, ಏರಿಸಿದಾಗ ಮತ್ತೆ ಶುರುವಾದರೆ ದಾರಿ ಸಿಕ್ಕಿದ ಹಾಗೆ.

ಡಬ್ಬಿಯ ಮೇಲಿನ ಚೀಟಿ

ಈಗ ಆರೋಪಿಯನ್ನು ಹೊರಗೆ ತೆಗೆದೆವು. ಕ್ಯಾಬಿನೆಟ್ ಜೊತೆಗೇ ಬಂದದ್ದು. ಕೈಯಲ್ಲಿ ಹಿಡಿದರೆ ಖಾಲಿ ಟಿಫಿನ್ ಬಾಕ್ಸಿನ ಭಾರ. ಪಕ್ಕದಲ್ಲಿ ದೊಡ್ಡದಾಗಿ 500 ವಾಟ್ ಅಂತ ಇತ್ತು.

ಆದರೆ ಎಲ್ಲ ಎಸ್‌ಎಂಪಿಎಸ್ ಮೇಲೂ ಸಣ್ಣ ಅಕ್ಷರದ ಒಂದು ಪಟ್ಟಿ ಇರುತ್ತದೆ. ನಿಜ ಇರುವುದು ಅಲ್ಲಿ. 3.3 ವೋಲ್ಟ್ ಮತ್ತು 5 ವೋಲ್ಟ್ ಸೇರಿ 130 ವಾಟ್. 12 ವೋಲ್ಟ್‌ಗೆ 25 ಆಂಪ್, ಅಂದರೆ 300 ವಾಟ್. ಉಳಿದ ಚಿಲ್ಲರೆ ಸೇರಿಸಿದರೂ 445 ದಾಟುವುದಿಲ್ಲ. ತನ್ನದೇ ಪಟ್ಟಿಯ ಲೆಕ್ಕದಲ್ಲಿ 500 ಬರುವುದಿಲ್ಲ! ಭಾವ ಮೊಬೈಲಿನಲ್ಲಿ ಎರಡು ಸಲ ಕೂಡಿ ನೋಡಿದರು.

ಈಗಿನ ಕಂಪ್ಯೂಟರಿಗೆ ಬೇಕಾಗುವುದು ಹೆಚ್ಚುಕಡಿಮೆ ಪೂರ್ತಿ 12 ವೋಲ್ಟೇ. ಪ್ರೊಸೆಸರ್, ಕಾರ್ಡ್, ಫ್ಯಾನ್ ಎಲ್ಲ ಅಲ್ಲಿಂದಲೇ ಉಣ್ಣುತ್ತವೆ. ಪೆಂಟಿಯಂ ಕಾಲದಲ್ಲಿ 5 ವೋಲ್ಟ್‌ಗೆ ಜಾಸ್ತಿ ಬೇಡಿಕೆ ಇತ್ತು. ಆ ಕಾಲದ ವಿನ್ಯಾಸವನ್ನೇ ಹೊಸ ಡಬ್ಬಿಗೆ ತುಂಬಿ ಮಾರಿದರೆ ಹೀಗಾಗುತ್ತದೆ.

ಲೆಕ್ಕ ಹಾಕಿದೆವು. ಹಳೆಯ 1650 ಕಾರ್ಡ್ 75 ವಾಟ್, ಪ್ರೊಸೆಸರ್ ಹೆಚ್ಚೆಂದರೆ 88, ಬೋರ್ಡ್-ಡಿಸ್ಕ್-ಫ್ಯಾನ್ ಸೇರಿ 35. ಒಟ್ಟು 200ರ ಆಸುಪಾಸು. 300ರ ಡಬ್ಬಿಗೆ ಅದು ಆರಾಮ. ಐದೂವರೆ ವರ್ಷ ತಕರಾರು ಬಾರದೇ ಇದ್ದದ್ದಕ್ಕೆ ಕಾರಣ ಅದೇ, ಎಸ್‌ಎಂಪಿಎಸ್ ಒಳ್ಳೆಯದು ಅಂತ ಅಲ್ಲ. ಹೊಸ ಕಾರ್ಡ್ 220. ಅದೊಂದೇ ದುಡಿದರೆ, ಸುಮ್ನೆ ಕೂತ ಪ್ರೊಸೆಸರ್ ಎಳೆಯುವುದೂ ಸೇರಿ, ಒಟ್ಟು 285, ಅಂಚಿನಲ್ಲಿ ನಿಂತಿತು. ಪ್ರೊಸೆಸರೂ ಪೂರ್ತಿ ದುಡಿದರೆ 345. ಅಷ್ಟೇ ಕಥೆ. ಅದೂ ಚೀಟಿಯ 300 ನಿಜ ಅಂತ ನಂಬಿದರೆ.

ನನಗೆ ಹೆದರಿಕೆ ಹುಟ್ಟಿಸಿದ್ದು ಬೇರೆ. ಈ ಕಾರ್ಡಿಗೆ 8 ಪಿನ್ನಿನ ಎರಡು ಕನೆಕ್ಟರ್ ಬೇಕು. ಎಸ್‌ಎಂಪಿಎಸ್‌ನಲ್ಲಿ ಇದ್ದದ್ದು ಒಂದು. ಇನ್ನೊಂದಕ್ಕೆ ಎರಡು ಮೋಲೆಕ್ಸ್ ಸೇರಿಸಿ 8 ಪಿನ್ ಮಾಡುವ ಒಂದು ಅಡಾಪ್ಟರ್ ಹಾಕಿದ್ದರು. ಬಿಚ್ಚಿ ನೋಡಿದರೆ ಹಳದಿ ತಂತಿಯ ಪಿನ್ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ರೊಟ್ಟಿ ಸುಟ್ಟ ಹಾಗೆ ಒಂದು ಚುಕ್ಕೆ. ಮೂಗಿಗೆ ಹಿಡಿದರೆ ಕಮಟು ವಾಸನೆ. 8 ಪಿನ್ನಿನ ಕನೆಕ್ಟರ್ 150 ವಾಟ್‌ವರೆಗೆ ಕೇಳಬಹುದು. ಸಡಿಲ ಪಿನ್ನಿನ ಅಗ್ಗದ ಮೋಲೆಕ್ಸ್, ಹಾರ್ಡ್ ಡಿಸ್ಕ್ ಇರುವ ಅದೇ ತಂತಿಯ ಮೇಲೆ, ಅಷ್ಟು ಹೊತ್ತರೆ ಕಾಯದೆ ಇರುತ್ತದೆಯೇ? ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಪ್ಲಗ್ಗಿನಿಂದ ಕಾರ್ಡಿಗೆ ಕೊಡುವ ಅಡಾಪ್ಟರ್‌ಗಳು ಇನ್ನೂ ಅಪಾಯ. ಸಾಟಾ ಪ್ಲಗ್ಗಿನ 12 ವೋಲ್ಟ್ ಪಿನ್‌ಗಳ ಮಿತಿಯೇ 54 ವಾಟ್. ಕಾರ್ಡಿಗೆ ಬೇಕಾದಷ್ಟು ಕನೆಕ್ಟರ್ ಎಸ್‌ಎಂಪಿಎಸ್‌ನಲ್ಲೇ ಇಲ್ಲ ಅಂದರೆ, "ಈ ಕಾರ್ಡಿಗೆ ನಾನು ಸಾಲೆ" ಅಂತ ಅದೇ ಹೇಳುತ್ತಿದೆ ಅಂತ ತಿಳಿಯಬೇಕು.

ನಾನು ತಂದ 650 ವಾಟ್‌ನದನ್ನು ಹಾಕಿದೆವು. ಇಲ್ಲಿ ಭಾವ ಒಂದು ಸಲಹೆ ಕೊಟ್ಟರು. ಅಲ್ಬಮ್ ಮಾಡುವ ಇನ್ನೊಂದು ಕಂಪ್ಯೂಟರಿನಲ್ಲಿ ಬೇರೆ ಕಂಪನಿಯ ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್‌ನ ಕೇಬಲ್‌ಗಳಿದ್ದವು, ಉದ್ದ ಇದ್ದವು. "ಅದನ್ನೇ ಹಾಕಿದ್ರೆ ಆಗಲ್ವಾ? ಕೂರುತ್ತೆ ನೋಡು."

ಕೂರುತ್ತದೆ. ಅದೇ ತೊಂದರೆ. ಕಾರ್ಡಿನ ಕಡೆಯ ತುದಿಗೆ ನಿಯಮ ಇದೆ, ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಯಾವ ಪಿನ್ನಿನಲ್ಲಿ ಏನು ಕೊಡಬೇಕು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಒಮ್ಮೊಮ್ಮೆ ಒಂದೇ ಕಂಪನಿಯ ಎರಡು ಮಾಡೆಲ್‌ಗೂ ಬೇರೆ. 5 ವೋಲ್ಟ್ ಬೇಕಾದಲ್ಲಿ 12 ಹೋಗುತ್ತದೆ. ಈ ಪಾಠ ಕಲಿಯಲು ನಾನು ಒಂದು ಹಾರ್ಡ್ ಡಿಸ್ಕ್ ಸುಟ್ಟಿದ್ದೇನೆ. ಭಾವನ ಮದುವೆ ವಿಡಿಯೋಗಳಿರುವ ಡಿಸ್ಕಿನ ಮೇಲೆ ಎರಡನೇ ಸಲ ಕಲಿಯುವ ಆಸೆ ಇರಲಿಲ್ಲ.

ನನ್ನ ಡಬ್ಬಿಯ ಕೇಬಲ್‌ಗಳನ್ನೇ ಹಾಕಿದೆವು. ಕಾರ್ಡಿನ ಎರಡು ಕನೆಕ್ಟರಿಗೆ ಎರಡು ಬೇರೆ ಕೇಬಲ್. ಒಂದೇ ಕೇಬಲಿನ ತುದಿಯಲ್ಲಿ ಎರಡು ಬಾಲ ಇದ್ದರೂ ಈ ಮಟ್ಟದ ಕಾರ್ಡಿಗೆ ಅದನ್ನು ನಾನು ಬಳಸುವುದಿಲ್ಲ. ಪವರ್ ಲಿಮಿಟ್ 100ಕ್ಕೆ ಏರಿಸಿ ಫರ್‌ಮಾರ್ಕ್, ಸಿನೆಬೆಂಚ್ ಎರಡೂ ಒಟ್ಟಿಗೆ ಒಂದು ಗಂಟೆ. ಮೀಟರ್ 11.98 ಬಿಟ್ಟು ಕೆಳಗಿಳಿಯಲಿಲ್ಲ. ಮೈನಿಂಗ್ ಕಾರ್ಡ್ ಅನ್ನಿಸಿಕೊಂಡ ಆ ಪಾಪದ ಕಾರ್ಡಿಗೆ ಬಿಡುಗಡೆ ಸಿಕ್ಕಿತು.

ಹಾಗಾದರೆ ಯಾವುದು ತಗೊಳ್ಳೋದು?

ನನ್ನದನ್ನು ಬಿಟ್ಟು ಬರುವ ಹಾಗಿರಲಿಲ್ಲ. ಭಾವ ಅಂಗಡಿಗೆ ಫೋನ್ ಹಾಕಿದರು. ಅತ್ತಕಡೆಯಿಂದ, "750 ವಾಟ್ ಇದೆ ಸರ್, 2,200ಕ್ಕೆ ಕೊಡ್ತೀನಿ." ಭಾವನ ಮುಖ ಅರಳಿತು. ನಾನು ಫೋನ್ ಇಸಿದುಕೊಂಡು ಕೇಳಿದೆ, "12 ವೋಲ್ಟ್‌ಗೆ ಎಷ್ಟು ಆಂಪ್ ಬರೆದಿದೆ, ಸ್ವಲ್ಪ ನೋಡಿ ಹೇಳ್ತೀರಾ?" ಹುಡುಕಿ ಹೇಳಿದರು: 32. ಅಂದರೆ 384 ವಾಟ್. 750ರಲ್ಲಿ ಅರ್ಧ ಎಲ್ಲಿ ಹೋಯಿತೋ.

ಒಳ್ಳೆಯ 650 ವಾಟ್‌ನದರ ಮೇಲೆ 12 ವೋಲ್ಟ್‌ಗೆ 54 ಆಂಪ್ ಇರುತ್ತದೆ, 648 ವಾಟ್. ಅಂದರೆ ಹೆಚ್ಚುಕಡಿಮೆ ಪೂರ್ತಿ ಶಕ್ತಿ 12 ವೋಲ್ಟ್‌ನಲ್ಲೇ ಸಿಗುತ್ತದೆ. ಅಂಗಡಿಯಲ್ಲಿ ನಿಂತು ಮಾಡಬಹುದಾದ ಅತಿ ಸುಲಭದ ಪರೀಕ್ಷೆ ಇದು. ಆಂಪನ್ನು 12ರಿಂದ ಗುಣಿಸಿ. ಡಬ್ಬಿಯ ಮೇಲಿನ ದೊಡ್ಡ ಅಂಕಿಯ ಹತ್ತಿರ ಬಾರದಿದ್ದರೆ ಕೆಳಗಿಟ್ಟು ಬನ್ನಿ.

345 ವಾಟ್‌ಗೆ 650 ಯಾಕೆ, 450 ಸಾಲದೇ? ಭಾವನ ಪ್ರಶ್ನೆ ನ್ಯಾಯವಾದದ್ದೇ. ಈ ಕಾರ್ಡಿಗೆ ಎನ್‌ವಿಡಿಯಾ ಹೇಳುವುದೂ 650ನ್ನೇ. ಕಾರ್ಡಿನ 220 ಅನ್ನುವುದು ಸರಾಸರಿ. ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಅದು ಬಹಳ ಮೇಲಕ್ಕೆ ಚಿಮ್ಮಿ ಕೆಳಗೆ ಬರುತ್ತದೆ. ನನ್ನ ಮಲ್ಟಿಮೀಟರಿಗೆ ಅದು ಕಾಣುವುದೇ ಇಲ್ಲ, ಎಸ್‌ಎಂಪಿಎಸ್‌ಗೆ ಮಾತ್ರ ಗೊತ್ತಾಗುತ್ತದೆ. 30ರ ಸಾಲಿನ ದೊಡ್ಡ ಕಾರ್ಡುಗಳು ಬಂದಾಗ ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳೂ ಈ ಚಿಮ್ಮುವಿಕೆಗೆ ಬೆಚ್ಚಿ ಆಫ್ ಆಗುತ್ತಿದ್ದವು. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮ ಇದಕ್ಕೆ ಉತ್ತರ. ದೊಡ್ಡ ಕಾರ್ಡಿಗಾಗಿ ಮಾಡಿದ ಎಸ್‌ಎಂಪಿಎಸ್ ತನ್ನ ವಾಟ್‌ನ ಎರಡರಷ್ಟನ್ನು 100 ಮೈಕ್ರೋಸೆಕೆಂಡ್ ಹೊತ್ತು ತಡೆಯಬೇಕು ಅಂತ ಅದು ಕೇಳುತ್ತದೆ. ಹೊಸದು ಕೊಳ್ಳುವವರು ಎಟಿಎಕ್ಸ್ 3.0 ಅಥವಾ 3.1 ಅಂತ ಬರೆದಿರುವುದನ್ನೇ ನೋಡುವುದು ಒಳ್ಳೆಯದು.

ಇನ್ನು "ಗೋಲ್ಡ್" ಅನ್ನುವ ಪದ. ಅಂಗಡಿಯಲ್ಲಿ ಅದನ್ನು ಆಭರಣದ ಹಾಗೆಯೇ ಹೇಳುತ್ತಾರೆ. 80 ಪ್ಲಸ್ ಗೋಲ್ಡ್ ಹೇಳುವುದು ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಕಂಪ್ಯೂಟರಿಗೆ ತಲುಪುತ್ತದೆ ಅನ್ನುವುದನ್ನು ಮಾತ್ರ. 115 ವೋಲ್ಟ್‌ನ ಪರೀಕ್ಷೆಯಲ್ಲಿ ಅರ್ಧ ಹೊರೆಗೆ ಕೆಳಗಿನ ದರ್ಜೆಯ ಬ್ರಾಂಜ್ 85 ಪರ್ಸೆಂಟ್, ಗೋಲ್ಡ್ 90. ಪರೀಕ್ಷೆ ನಡೆಯುವುದು 23 ಡಿಗ್ರಿ ಆಸುಪಾಸಿನ ತಂಪಿನಲ್ಲಿ. ಏಪ್ರಿಲ್‌ನ ಮಧ್ಯಾಹ್ನ ಭಾವನ ಹಂಚಿನ ಮಾಡಿನ ಕೆಳಗೆ, ಕ್ಯಾಬಿನೆಟ್ಟಿನ ಒಳಗೆ ಎಷ್ಟು ಡಿಗ್ರಿ ಇರುತ್ತದೆ ಅಂತ ಹೇಳಬೇಕಾ? ಒಳಗಿನ ಕೆಪಾಸಿಟರ್ ಎಂಥದ್ದು, ಓವರ್‌ಲೋಡ್ ಆದರೆ ಸರಿಯಾಗಿ ನಿಲ್ಲುತ್ತದೆಯೋ ಇಲ್ಲವೋ, ವೋಲ್ಟೇಜ್ ಎಷ್ಟು ಗಟ್ಟಿ, ಇದೊಂದನ್ನೂ ಆ ಸ್ಟಿಕ್ಕರ್ ಹೇಳುವುದಿಲ್ಲ.

ಕರೆಂಟ್ ಬಿಲ್ ಉಳಿತಾಯವೂ ದೊಡ್ಡದಲ್ಲ. 350 ವಾಟ್ ಹೊರೆಗೆ ಬ್ರಾಂಜ್ ಗೋಡೆಯಿಂದ 412 ಎಳೆದರೆ ಗೋಲ್ಡ್ 389 ಎಳೆಯುತ್ತದೆ. 23 ವಾಟ್ ವ್ಯತ್ಯಾಸ. ದಿನಕ್ಕೆ 6 ಗಂಟೆ ಅಂದರೂ ತಿಂಗಳಿಗೆ 4 ಯೂನಿಟ್. ಮಸಾಲೆ ದೋಸೆಯೂ ಬರುವುದಿಲ್ಲ. ಗೋಲ್ಡ್ ತಗೊಳ್ಳುವುದರ ನಿಜವಾದ ಲಾಭ ಬೇರೆ: ಅಷ್ಟು ಸಾಧಿಸಲು ಕಂಪನಿ ಸಾಮಾನ್ಯವಾಗಿ ಹೊಸ ವಿನ್ಯಾಸವನ್ನೇ ಹಾಕಬೇಕಾಗುತ್ತದೆ. ಆ 12-5ರ ತಕ್ಕಡಿಯಾಟ ಅಲ್ಲಿ ಇರುವುದು ಅಪರೂಪ. ಆದರೂ ಹೆಸರಿಲ್ಲದ ಗೋಲ್ಡ್‌ಗಿಂತ ಒಳ್ಳೆಯ ವಿಮರ್ಶೆ ಇರುವ ಬ್ರಾಂಜ್ ನನ್ನ ಆಯ್ಕೆ.

ನಾನು ಕೊನೆಗೆ ನೋಡುವುದು ವಾರಂಟಿ. ಕಂಪನಿ ತನ್ನ ಮಾಲಿನ ಬಗ್ಗೆ ತಾನೇ ಏನು ನಂಬುತ್ತದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಒಂದು ವರ್ಷ ಕೊಡುವವನಿಗೂ ಏಳು ವರ್ಷ ಕೊಡುವವನಿಗೂ ಒಳಗಿನ ಕೆಪಾಸಿಟರಿನ ಮೇಲಿರುವ ಧೈರ್ಯ ಒಂದೇ ಅಲ್ಲ. ಬಿಸಿ 10 ಡಿಗ್ರಿ ಇಳಿದರೆ ಈ ಕೆಪಾಸಿಟರಿನ ಆಯುಷ್ಯ ಸುಮಾರು ಎರಡು ಪಟ್ಟು ಅಂತ ಒಂದು ಅಂದಾಜು ಇದೆ. ಅದಕ್ಕೇ 105 ಡಿಗ್ರಿಯವು 85 ಡಿಗ್ರಿಯವಕ್ಕಿಂತ ವಾಸಿ.

ಭಾವ ತರಿಸಿದ್ದು 650 ವಾಟ್‌ನ ಗೋಲ್ಡ್, ಎಟಿಎಕ್ಸ್ 3.1, ಏಳು ವರ್ಷ ವಾರಂಟಿ. ಏಳು ಸಾವಿರದ ಹತ್ತಿರ ಆಯಿತು. "ಕಾರ್ಡಿಗೆ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಕೊಟ್ಟಾಗ ಏನೂ ಅನ್ನಿಸಲಿಲ್ಲ, ಈ ಕಪ್ಪು ಡಬ್ಬಿಗೆ ಏಳು ಕೊಡುವಾಗ ಹೊಟ್ಟೆ ಉರಿಯುತ್ತೆ" ಅಂದರು. ಎಲ್ಲರದ್ದೂ ಅದೇ ಕಥೆ. ಕಣ್ಣಿಗೆ ಕಾಣುವ ಸಾಮಾನಿಗೆಲ್ಲ ಖರ್ಚು ಮಾಡಿ ಉಳಿದ ಚಿಲ್ಲರೆಗೆ ಎಸ್‌ಎಂಪಿಎಸ್.

ಹಳೆಯದನ್ನು ಬಿಚ್ಚಿ ಒಳಗೆ ಏನಿದೆ ನೋಡೋಣ ಅಂತ ಅಕ್ಕನ ಮಗ ಸ್ಕ್ರೂಡ್ರೈವರ್ ಹಿಡಿದು ಬಂದ. ಕೈ ಹಿಡಿದು ಕೂರಿಸಿದೆ. ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಇರುತ್ತದೆ. ಪ್ಲಗ್ ತೆಗೆದ ಮೇಲೂ ಉಳಿದಿರಬಹುದು. ಅದನ್ನು ಬಿಚ್ಚಿ ನೋಡುವ ಕುತೂಹಲ ನನಗೂ ಇದೆ, ಆದರೆ ಅದುಮಿಟ್ಟುಕೊಂಡಿದ್ದೇನೆ.

ಎರಡು ವಾರ ಬಿಟ್ಟು ಮತ್ತೆ ಫೋನ್

"ಮಾರಾಯ, ಕರೆಂಟ್ ಹೋದ ಕೂಡಲೇ ಯುಪಿಎಸ್ ಕೀಂ ಅಂತ ಕೂಗಿ ಎಲ್ಲಾ ಆಫ್ ಆಯ್ತು. ಮತ್ತೆ ಅದೇನಾ?"

ಅದೇ ಅಲ್ಲ, ಆದರೆ ಅದರ ತಮ್ಮ. ಇದನ್ನು ನಾನು ಮೊದಲೇ ಹೇಳಬೇಕಿತ್ತು, ಮರೆತಿದ್ದೆ. ಅವರ ಯುಪಿಎಸ್ 600 ವಿಎ. ವಿಎ ಅನ್ನುವುದು ವಾಟ್ ಅಲ್ಲ. ಹಿಂದೆ ಸಣ್ಣ ಅಕ್ಷರದಲ್ಲಿ 360 ವಾಟ್ ಅಂತ ಬರೆದಿರುತ್ತದೆ. ಲೈನ್ ಕರೆಂಟ್ ಇದ್ದಾಗ ಅದು ಸುಮ್ನೆ ದಾಟಿಸುತ್ತದೆ, ಹಾಗಾಗಿ ತೊಂದರೆ ಗೊತ್ತಾಗಿರಲಿಲ್ಲ. ಕರೆಂಟ್ ಹೋದಾಗ ಪೂರ್ತಿ ಹೊರೆ ಬ್ಯಾಟರಿಯ ಮೇಲೆ. ಹಳೆಯ ಕಾರ್ಡಿನ ಕಾಲದಲ್ಲಿ ಎರಡು ಮಾನಿಟರ್ ಸೇರಿ 310 ಆಸುಪಾಸು ಇತ್ತು. ಈಗ ರೆಂಡರ್ ಹೊತ್ತಿನಲ್ಲಿ 450.

1100 ವಿಎ, 660 ವಾಟ್‌ನದು ತರಿಸಿದರು. ಅದು ಬರುವವರೆಗೆ ಪವರ್ ಲಿಮಿಟ್ ಇಳಿಸಿಯೇ ರೆಂಡರ್ ಹಾಕಿ ಅಂದೆ. ಒಂದು ಮಾನಿಟರ್ ಯುಪಿಎಸ್‌ನಿಂದ ಹೊರಗೆ ಹಾಕಿಸಿದೆ.

ಆ ಇಳಿಸಿದ್ದನ್ನು ಭಾವ ಪೂರ್ತಿ ಏರಿಸಲೇ ಇಲ್ಲ. ಹೊಸ ಯುಪಿಎಸ್ ಬಂದ ಮೇಲೆ 80ಕ್ಕೆ ತಂದು ಅಲ್ಲೇ ನಿಲ್ಲಿಸಿದ್ದಾರೆ. 41 ನಿಮಿಷದಲ್ಲಿ ಆಗುತ್ತಿದ್ದ ರೆಂಡರ್ 43 ನಿಮಿಷ ತೆಗೆದುಕೊಳ್ಳುತ್ತದಂತೆ. ಮೊನ್ನೆ ಹೋದಾಗ, ಈಗ ಎಲ್ಲಾ ಸರಿ ಇದೆಯಲ್ಲ ಭಾವ, 100ಕ್ಕೆ ಹಾಕಿ ಅಂದೆ.

"ಬೇಡ ಮಾರಾಯ. ಹೀಗಿದ್ರೆ ಫ್ಯಾನ್ ಸದ್ದು ಕಡಿಮೆ. ವಾಲಗ ಸರಿಯಾಗಿ ಕೇಳಿಸುತ್ತೆ."